ಡಿಸ್ಕು ನಮ್ಮದು, ಕೀಲಿಕೈ ಯಾರದು?



ಒಬ್ಬರು ಬಳಸಿದ ವಸ್ತುವನ್ನು ಮತ್ತೊಬ್ಬರು ಅರ್ಧ ಬೆಲೆಗೆ ಕೊಂಡು ಬಳಸುವುದು ನಮ್ಮ ಮನೆತನಗಳಲ್ಲಿ ಹಿಂದಿನಿಂದಲೂ ನಡೆದು ಬಂದ ರೂಢಿ. ಅಣ್ಣನ ಪಠ್ಯಪುಸ್ತಕ ತಮ್ಮನಿಗೆ, ನೆರೆಮನೆಯವರು ಮಾರಿದ ಸೈಕಲ್ಲು ನಮ್ಮ ಹುಡುಗನಿಗೆ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ದುಡಿದು ತಂದ ಹಣವನ್ನು ಪೋಲುಮಾಡದ ಜಾಣತನವಿದೆ. ಈ ರೂಢಿಯನ್ನು ನಂಬಿಯೇ ಅನೇಕ ತಂದೆತಾಯಿಗಳು ಮಕ್ಕಳು ಬೇಡಿದ ಕಂಪ್ಯೂಟರ್ ಆಟವನ್ನೂ ಹಳೆಯ ಸಾಮಾನಿನ ಅಂಗಡಿಯಿಂದಲೋ, ಜಾಹೀರಾತು ನೋಡಿಯೋ ಕೊಂಡು ತರುತ್ತಾರೆ. ಪೆಟ್ಟಿಗೆ ಚೆನ್ನಾಗಿದೆ, ಡಿಸ್ಕಿನ ಮೇಲೆ ಒಂದು ಗೀರೂ ಇಲ್ಲ, ಕೀಲಿಸಂಖ್ಯೆಯ ಚೀಟಿಯೂ ಒಳಗಿದೆ. ಮನೆಗೆ ತಂದು ಯಂತ್ರಕ್ಕೆ ಹಾಕಿದರೆ, ಈ ಸಂಖ್ಯೆ ಈಗಾಗಲೇ ಬೇರೊಂದು ಖಾತೆಯಲ್ಲಿ ನೋಂದಣಿಯಾಗಿದೆ ಎಂಬ ಒಂದೇ ಸಾಲು ಪರದೆಯ ಮೇಲೆ ಮೂಡುತ್ತದೆ. ಹುಡುಗನ ಮುಖ ಬಾಡುತ್ತದೆ. ತಂದೆಗಾದರೋ ಯಂತ್ರ ಕೆಟ್ಟಿದೆಯೋ, ತಾನು ಮೋಸಹೋದೆನೋ ತಿಳಿಯುವುದಿಲ್ಲ.

ಯಂತ್ರ ಕೆಟ್ಟಿಲ್ಲ. ಅವರು ಕೊಂಡದ್ದು ಡಿಸ್ಕನ್ನು. ಆಡುವ ಅನುಮತಿ ಡಿಸ್ಕಿನೊಳಗೆ ಇಲ್ಲವೇ ಇಲ್ಲ. ಅದು ದೂರದ ಯಾವುದೋ ದೇಶದ ಕಂಪನಿಯ ಗಣಕದಲ್ಲಿ, ಮೊದಲು ಕೊಂಡವನ ಹೆಸರಿನ ಎದುರು ಬರೆದಿಟ್ಟ ಒಂದು ದಾಖಲೆ. ಈ ಸ್ಥಿತಿ ಹೇಗೆ ಬಂತೆಂಬುದನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ಏಕೆಂದರೆ ಇದು ಆಟಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ. ಪುಸ್ತಕ, ಸಂಗೀತ, ಚಲನಚಿತ್ರಗಳೂ ಇದೇ ದಾರಿಯಲ್ಲಿ ಸಾಗಿವೆ.

ಮೊದಲ ಕಾಲದ ಆಟಗಳಿಗೂ ಬೀಗವಿತ್ತು, ಆದರೆ ಕೀಲಿಕೈ ಪೆಟ್ಟಿಗೆಯಲ್ಲೇ ಇರುತ್ತಿತ್ತು. 1989ರಲ್ಲಿ ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ ರಚಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟವನ್ನು ನಮ್ಮ ಕಡೆಯ ಕಚೇರಿಗಳ ಹಳೆಯ ಕಂಪ್ಯೂಟರುಗಳಲ್ಲಿ ಕಂಡವರು ಇಂದಿಗೂ ಇದ್ದಾರೆ. ಅದರಲ್ಲಿ ಮೊದಲ ಹಂತ ದಾಟಿದೊಡನೆ ಒಂದು ಕೋಣೆ ಬರುತ್ತದೆ. ಅಲ್ಲಿ ಸಾಲಾಗಿ ಸೀಸೆಗಳು, ಒಂದೊಂದರ ಮೇಲೂ ಒಂದೊಂದು ಅಕ್ಷರ. ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲಕ್ಷರವುಳ್ಳ ಸೀಸೆಯನ್ನೇ ಕುಡಿಯಬೇಕು. ಕೈಪಿಡಿ ಇಲ್ಲದವನು ಅಲ್ಲಿಯೇ ನಿಂತುಬಿಡಬೇಕು. ಪೆಟ್ಟಿಗೆಯನ್ನು ಮಾರುವವನು ಕೈಪಿಡಿಯನ್ನೂ ಕೊಟ್ಟರಾಯಿತು, ಬೀಗದೊಡನೆ ಕೀಲಿಕೈಯೂ ಕೈಬದಲಾಯಿತು. 1998ರ ‘ಸ್ಟಾರ್‌ಕ್ರಾಫ್ಟ್’ ಆಟದಲ್ಲಿ ಪೆಟ್ಟಿಗೆಯ ಮೇಲೆ ಅಂಟಿಸಿದ ಒಂದು ಸಂಖ್ಯೆ ಬಂತು. ಅಂತರಜಾಲದಲ್ಲಿ ಒಂದೇ ಸಂಖ್ಯೆಯಿಂದ ಇಬ್ಬರು ಏಕಕಾಲಕ್ಕೆ ಆಡುವಂತಿರಲಿಲ್ಲ. ಆದರೂ ಆ ಸಂಖ್ಯೆ ಯಾವ ಮನುಷ್ಯನ ಹೆಸರಿಗೂ ಅಂಟಿಕೊಂಡಿರಲಿಲ್ಲ. ನಾನು ಆಡಿ ಮುಗಿಸಿ ನಿಮಗೆ ಕೊಟ್ಟರೆ ನೀವು ಆಡಬಹುದಾಗಿತ್ತು.

ಈ ನಂಟು ಕಡಿದದ್ದು 2004ರಲ್ಲಿ ಎನ್ನಬಹುದು. ಅಮೆರಿಕದ ವಾಲ್ವ್ ಕಂಪನಿ ಅದರ ಹಿಂದಿನ ವರ್ಷ ‘ಸ್ಟೀಮ್’ ಎಂಬ ಜಾಲವ್ಯವಸ್ಥೆಯನ್ನು ಆರಂಭಿಸಿತ್ತು. 2004ರ ನವೆಂಬರಿನಲ್ಲಿ ಹೊರಬಂದ ‘ಹಾಫ್-ಲೈಫ್ 2’ ಆಟವನ್ನು ಅಂಗಡಿಯಲ್ಲಿ ಡಿಸ್ಕಿನ ರೂಪದಲ್ಲಿ ಕೊಂಡವರೂ ಸ್ಟೀಮ್‌ನಲ್ಲಿ ಖಾತೆ ತೆರೆದು, ಪೆಟ್ಟಿಗೆಯ ಸಂಖ್ಯೆಯನ್ನು ಅಲ್ಲಿ ನೋಂದಾಯಿಸಿದ ಹೊರತು ಆಡುವಂತಿರಲಿಲ್ಲ. ಒಮ್ಮೆ ನೋಂದಾಯಿಸಿದ ಸಂಖ್ಯೆ ಆ ಖಾತೆಗೇ ಕಟ್ಟುಬಿದ್ದಿತು. ಆ ಖಾತೆಯನ್ನು ಇನ್ನೊಬ್ಬರಿಗೆ ಮಾರಕೂಡದು, ವರ್ಗಾಯಿಸಕೂಡದು ಎಂಬುದು ಕಂಪನಿಯ ಕರಾರು. ಒಬ್ಬೊಬ್ಬರಾಗಿ ಇತರ ಕಂಪನಿಗಳೂ ಇದೇ ಹಾದಿ ಹಿಡಿದವು. 2012ರ ‘ಡಯಾಬ್ಲೊ 3’ ಅಂತೂ ಕಂಪ್ಯೂಟರಿನಲ್ಲಿ ಒಬ್ಬನೇ ಕುಳಿತು ಆಡುವಾಗಲೂ ಅಂತರಜಾಲದ ಸಂಪರ್ಕವನ್ನು ಬಿಡಲೊಲ್ಲದು.

ಕಂಪನಿಗಳ ಪಕ್ಷವನ್ನೂ ಕೇಳಬೇಕು. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡಿದ ಆಟವನ್ನು ನಕಲು ಮಾಡಿ ಹಂಚುವವರು ಇದ್ದೇ ಇದ್ದಾರೆ. ಆ ಕಳ್ಳತನವನ್ನು ತಡೆಯುವ ಅಧಿಕಾರ ದುಡಿದವರಿಗೆ ಉಂಟು. ಹಳೆಯ ಪ್ರತಿ ಮರುಮಾರಾಟವಾದಾಗ ತಮಗೆ ಒಂದು ಕಾಸೂ ಬರುವುದಿಲ್ಲ ಎಂಬುದು ಅವರ ಎರಡನೆಯ ದೂರು. ಮೊದಲನೆಯದನ್ನು ಒಪ್ಪಬಹುದು. ಎರಡನೆಯದು ನನ್ನ ಬುದ್ಧಿಗೆ ಹಿಡಿಸುವುದಿಲ್ಲ. ನಾವು ಹಳೆಯ ಮಂಚವನ್ನು ಮಾರಿದಾಗ ಅದನ್ನು ಮಾಡಿದ ಬಡಗಿಗೆ ಪಾಲು ಕೊಡುತ್ತೇವೆಯೆ? ಅವನು ಕೇಳುವುದೂ ಇಲ್ಲ.

ಈ ಪ್ರಶ್ನೆ ಹೊಸದೇನಲ್ಲ. ಅಮೆರಿಕದಲ್ಲಿ ಪ್ರಕಾಶಕರೊಬ್ಬರು ತಮ್ಮ ಕಾದಂಬರಿಯೊಂದರೊಳಗೆ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಯಾರೂ ಮಾರಕೂಡದು ಎಂದು ಅಚ್ಚುಹಾಕಿಸಿದ್ದರು. ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದು ಅದನ್ನು 89 ಸೆಂಟಿಗೆ ಮಾರಿತು. 1908ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅಂಗಡಿಯ ಪರವಾಗಿ ತೀರ್ಪಿತ್ತಿತು: ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟದ ಮೇಲೆ ಪ್ರಕಾಶಕನ ಹಿಡಿತ ಉಳಿಯುವುದಿಲ್ಲ. ನೂರು ವರ್ಷ ಕಳೆದ ಮೇಲೆ, ಹಳೆಯ ಆಟೊಕ್ಯಾಡ್ ತಂತ್ರಾಂಶದ ಪ್ರತಿಗಳನ್ನು ಕೊಂಡು ಅಂತರಜಾಲದ ಹರಾಜಿನಲ್ಲಿ ಮಾರುತ್ತಿದ್ದ ಟಿಮೊತಿ ವರ್ನರ್ ಎಂಬವರ ಮೊಕದ್ದಮೆ ಬಂತು. ಕೆಳಗಿನ ನ್ಯಾಯಾಲಯದಲ್ಲಿ ಅವರು ಗೆದ್ದರು. 2010ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿತು: ಕಂಪನಿ ಕೊಟ್ಟದ್ದು ಪರವಾನಗಿ, ಮಾರಾಟವಲ್ಲ, ಆದ್ದರಿಂದ ಮರುಮಾರಾಟದ ಹಕ್ಕೂ ಇಲ್ಲ. ಇಡೀ ವ್ಯವಹಾರದ ತಿರುಳು ಈ ‘ಪರವಾನಗಿ’ ಎಂಬ ಒಂದು ಪದದಲ್ಲಿ ಅಡಗಿದೆ.

ಯುರೋಪಿನಲ್ಲಿ ಬಳಕೆದಾರರ ಸಂಘಗಳು ಸುಮ್ಮನೆ ಕೂರಲಿಲ್ಲ. ಜರ್ಮನಿಯ ಬಳಕೆದಾರರ ಒಕ್ಕೂಟ ಹಾಫ್-ಲೈಫ್ 2 ಆಟದ ವಿಷಯವನ್ನೇ ಹಿಡಿದು ವಾಲ್ವ್ ಮೇಲೆ ದಾವೆ ಹೂಡಿತು. 2010ರ ಫೆಬ್ರುವರಿಯಲ್ಲಿ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ಕೊಟ್ಟ ತೀರ್ಪು ವಿಚಿತ್ರವಾಗಿ ಕೇಳಿಸಿದರೂ ತರ್ಕಬದ್ಧವಾಗಿತ್ತು. ಡಿಸ್ಕನ್ನು ಯಾರು ಯಾರಿಗೆ ಬೇಕಾದರೂ ಮಾರಲಿ, ಅಡ್ಡಿಯಿಲ್ಲ. ಖಾತೆ ಇಲ್ಲದೆ ಆ ಡಿಸ್ಕು ಹೆಚ್ಚಿನ ಪ್ರಯೋಜನಕ್ಕೆ ಬಾರದು ಎಂಬುದು ಕಾನೂನಿನ ಉಲ್ಲಂಘನೆಯಾಗದು. ಅಂದರೆ ಬೀಗ ಹಾಕಿದ ಪೆಟ್ಟಿಗೆಯನ್ನು ಮಾರಬಹುದು, ಕೀಲಿಕೈ ಮಾತ್ರ ಹಳೆಯ ಯಜಮಾನನ ಸೊಂಟದಲ್ಲೇ ಉಳಿಯುತ್ತದೆ!

2012ರ ಜುಲೈನಲ್ಲಿ ಬಳಕೆದಾರರಿಗೆ ಒಂದು ಆಸೆ ಮೂಡಿತು. ಒರಾಕಲ್ ಕಂಪನಿಯ ತಂತ್ರಾಂಶದ ಪರವಾನಗಿಗಳನ್ನು ಮರುಮಾರಾಟ ಮಾಡುತ್ತಿದ್ದ ಯೂಸ್ಡ್‌ಸಾಫ್ಟ್ ಎಂಬ ಸಂಸ್ಥೆಯ ಪ್ರಕರಣದಲ್ಲಿ, ಹಣ ಪಡೆದು ಶಾಶ್ವತವಾಗಿ ಕೊಟ್ಟ ಪರವಾನಗಿ ಮಾರಾಟಕ್ಕೆ ಸಮಾನ. ಕೊಂಡವನು ತನ್ನ ಪ್ರತಿಯನ್ನು ಅಳಿಸಿ ಇನ್ನೊಬ್ಬರಿಗೆ ಮಾರಬಹುದು ಎಂದು ಯುರೋಪ್ ಒಕ್ಕೂಟದ ನ್ಯಾಯಾಲಯ ಹೇಳಿತು. ಈ ಮಾತು ಆಟಗಳಿಗೂ ಸಲ್ಲಬೇಕೆಂದು ಜರ್ಮನಿಯ ಒಕ್ಕೂಟ ಮತ್ತೆ ನ್ಯಾಯಾಲಯಕ್ಕೆ ಹೋಗಿ 2014ರಲ್ಲಿ ಬರ್ಲಿನ್ನಿನಲ್ಲಿ ಸೋತಿತು. ಫ್ರಾನ್ಸಿನ ಬಳಕೆದಾರರ ಸಂಘ 2019ರಲ್ಲಿ ಪ್ಯಾರಿಸಿನ ನ್ಯಾಯಾಲಯದಲ್ಲಿ ಗೆದ್ದಿತು. ಆದರೆ 2022ರಲ್ಲಿ ಮೇಲ್ಮನವಿಯಲ್ಲಿ ಆ ಗೆಲುವು ಕೈತಪ್ಪಿತು, 2024ರ ಅಕ್ಟೋಬರಿನಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯವೂ ಸೋಲನ್ನೇ ಖಾಯಂ ಮಾಡಿತು. ಆಟವೆಂಬುದು ಬರಿಯ ಗಣಕಕ್ರಮವಲ್ಲ. ಚಿತ್ರ, ಸಂಗೀತ, ಕಥೆಗಳು ಸೇರಿದ ಸಂಕೀರ್ಣ ಕೃತಿ. ಆದ್ದರಿಂದ ತಂತ್ರಾಂಶಕ್ಕೆ ಹೇಳಿದ ನಿಯಮ ಅದಕ್ಕೆ ಸಲ್ಲದು ಎಂಬುದು ಅಲ್ಲಿಯ ವಾದಸರಣಿ.

ನಮ್ಮ ದೇಶದ ಕಾನೂನಿನಲ್ಲಿಯೂ ಒಂದು ಕುತೂಹಲದ ಸಂಗತಿಯಿದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಮಾಡಿದ ತಿದ್ದುಪಡಿಯಂತೆ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ಹಿಂದೆ ಒಮ್ಮೆ ಮಾರಾಟವಾಗಿದ್ದರೂ ಅದನ್ನು ಮಾರುವ ಹಕ್ಕು ಸ್ವಾಮ್ಯ ಉಳ್ಳವರದೇ ಆಗಿತ್ತು. 1999ರ ತಿದ್ದುಪಡಿಯಲ್ಲಿ ಆ ಮಾತು ಬಿಟ್ಟುಹೋಯಿತು. ಆದರೆ ಕಾನೂನಿನ ಪುಸ್ತಕದಲ್ಲಿ ಒಂದು ಸಾಲು ಅಳಿಸಿದ ಮಾತ್ರಕ್ಕೆ ಕಂಪನಿಯ ಗಣಕದಲ್ಲಿರುವ ಖಾತೆಯ ಬೀಗ ತೆರೆಯುವುದಿಲ್ಲ.

ಹಾಗಾದರೆ ಮನೆಯವರು ಮಾಡಬೇಕಾದದ್ದೇನು? ಹಳೆಯ ಕಂಪ್ಯೂಟರ್ ಆಟದ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಅಂತರಜಾಲ ಸಂಪರ್ಕ ಬೇಕು, ಇಂಥ ಖಾತೆಯ ನೋಂದಣಿ ಬೇಕು, ಸಂಖ್ಯೆಯನ್ನು ಒಮ್ಮೆ ಮಾತ್ರ ಬಳಸಬಹುದು ಎಂದಿದ್ದರೆ, ಮೊಹರು ಒಡೆದ ಆ ಪೆಟ್ಟಿಗೆಯ ಬೆಲೆ ಅದರ ರಟ್ಟಿನ ಬೆಲೆಯಷ್ಟೇ ಎಂದು ತಿಳಿಯಬೇಕು. ಈಚಿನ ಅನೇಕ ಪೆಟ್ಟಿಗೆಗಳಲ್ಲಿ ಡಿಸ್ಕೂ ಇರುವುದಿಲ್ಲ, ಸಂಖ್ಯೆ ಬರೆದ ಒಂದು ಚೀಟಿ ಮಾತ್ರ. ಸಂಖ್ಯೆಯನ್ನು ತಾನು ಬಳಸಿಯೇ ಇಲ್ಲ ಎಂದು ಮಾರುವವನು ಆಣೆ ಮಾಡಿದರೆ, ಹಣ ಕೊಡುವ ಮುನ್ನ ಅವನ ಎದುರಿಗೇ ನಮ್ಮ ಖಾತೆಯಲ್ಲಿ ನೋಂದಾಯಿಸಿ ನೋಡಬೇಕು. ಒಪ್ಪದಿದ್ದರೆ ಎದ್ದು ಬರಬೇಕು, ಅಷ್ಟೆ. ಸಂಖ್ಯೆ ಬಳಕೆಯಾಗಿದೆ ಎಂದು ತಿಳಿದಿದ್ದೂ ಮಾರುವವನು ಮಾಡುವುದು ಶುದ್ಧ ವಂಚನೆ. ನಮ್ಮ ಮಕ್ಕಳು ತಾವು ಆಡಿಬಿಟ್ಟ ಆಟಗಳನ್ನು ಗೆಳೆಯರಿಗೆ ಮಾರಲು ಹೊರಟರೆ ಈ ಮಾತನ್ನು ಅವರಿಗೂ ಸ್ಪಷ್ಟವಾಗಿ ಹೇಳಬೇಕಾದದ್ದು ಹಿರಿಯರ ಕರ್ತವ್ಯ.

ಇನ್ನೊಂದು ಬಲೆಯಿದೆ, ಇದು ಹೆಚ್ಚು ಅಪಾಯಕರ. ಆಟದ ಬದಲು ಇಡೀ ಖಾತೆಯನ್ನೇ ಮಾರುತ್ತೇನೆ, ಹೆಸರು ಮತ್ತು ಗುಪ್ತಪದ ಕೊಡುತ್ತೇನೆ, ಒಳಗೆ ನಲವತ್ತು ಆಟಗಳಿವೆ ಎನ್ನುವವರುಂಟು. ಕರಾರಿಗೆ ವಿರುದ್ಧವಾದ್ದರಿಂದ ಕಂಪನಿ ಅಂಥ ಖಾತೆಯನ್ನು ಮುಚ್ಚಬಹುದು ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡದು, ಮಾರಿದವನೇ ತಿಂಗಳು ಬಿಟ್ಟು, ನನ್ನ ಖಾತೆ ಕಳವಾಗಿದೆ ಎಂದು ದೂರು ಕೊಟ್ಟು, ಹಳೆಯ ಪಾವತಿಯ ದಾಖಲೆಯನ್ನೋ ಪೆಟ್ಟಿಗೆಯ ಸಂಖ್ಯೆಯನ್ನೋ ತೋರಿಸಿ ಅದನ್ನು ಹಿಂದಕ್ಕೆ ಪಡೆಯಬಲ್ಲ. ಕಂಪನಿಯ ಕಣ್ಣಿಗೆ ಅವನೇ ಯಜಮಾನ. ಕೊಂಡವನು ಕಂಪನಿಯ ಬಳಿ ಹಕ್ಕು ಸಾಧಿಸುವಂತಿಲ್ಲ, ಏಕೆಂದರೆ ಅವನ ಕೊಳ್ಳುವಿಕೆಯೇ ಅದರ ಕರಾರಿಗೆ ವಿರುದ್ಧ.

ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಗಳ ಲೋಕ ಸ್ವಲ್ಪ ಬೇರೆ. ಅಲ್ಲಿ ಡಿಸ್ಕಿಗೆ ಇನ್ನೂ ಮಾನವಿದೆ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಎಕ್ಸ್‌ಬಾಕ್ಸ್ ಒನ್ ಯಂತ್ರದಲ್ಲಿ ಹಳೆಯ ಡಿಸ್ಕುಗಳ ಕೈಬದಲಿಗೆ ನಿರ್ಬಂಧ ಹೇರಲು ಹೊರಟಿತ್ತು. ಎದುರಾಳಿಯಾದ ಸೋನಿ ಆಗ ಒಂದು ಪುಟ್ಟ ಚಿತ್ರವನ್ನು ಬಿಡುಗಡೆ ಮಾಡಿತು. ನಮ್ಮ ಯಂತ್ರದಲ್ಲಿ ಆಟವನ್ನು ಗೆಳೆಯನಿಗೆ ಕೊಡುವ ವಿಧಾನ ಎಂಬ ಶೀರ್ಷಿಕೆ ಬರುತ್ತದೆ, ಒಬ್ಬ ಪೆಟ್ಟಿಗೆಯನ್ನು ಚಾಚುತ್ತಾನೆ, ಇನ್ನೊಬ್ಬ ತೆಗೆದುಕೊಳ್ಳುತ್ತಾನೆ, ಚಿತ್ರ ಮುಗಿಯಿತು. ಜನರ ಕೋಪಕ್ಕೆ ಮಣಿದ ಮೈಕ್ರೋಸಾಫ್ಟ್ ಆ ತಿಂಗಳೇ, ಜೂನ್ 19ರಂದು, ತನ್ನ ನಿಯಮವನ್ನು ಹಿಂದಕ್ಕೆ ಪಡೆಯಿತು. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಯಂತ್ರದ ಕೆಲವು ಕಾರ್ಡುಗಳಲ್ಲಿ ಆಟವೇ ಇರುವುದಿಲ್ಲ, ಅದನ್ನು ಅಂತರಜಾಲದಿಂದ ಇಳಿಸಿಕೊಳ್ಳುವ ಕೀಲಿ ಮಾತ್ರ. ಆದರೆ ಆ ಕೀಲಿ ಹೆಸರಿಗೆ ಅಂಟಿಕೊಂಡದ್ದಲ್ಲ, ಕಾರ್ಡಿಗೆ ಅಂಟಿಕೊಂಡದ್ದು. ಕಾರ್ಡು ಯಾರ ಯಂತ್ರದಲ್ಲಿದೆಯೋ ಅವರು ಆಡಬಹುದು, ಮಾರಲೂಬಹುದು.

ಡಿಸ್ಕು ಕೈಯಲ್ಲಿದ್ದು ಖಾತೆಯೂ ನಮ್ಮದೇ ಆಗಿದ್ದರೂ ಸಾಲದ ಸಂದರ್ಭಗಳುಂಟು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಎಂಬ ಕಾರು ಪಂದ್ಯದ ಆಟ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ರಂದು ಕಂಪನಿ ತನ್ನ ಗಣಕಗಳನ್ನು ನಿಲ್ಲಿಸಿತು. ಅಂದಿನಿಂದ ಅಧಿಕೃತವಾಗಿ ಹೊಸದನ್ನು ಕೊಂಡವರ ಡಿಸ್ಕೂ ಹಳೆಯದನ್ನು ಕೊಂಡವರ ಡಿಸ್ಕೂ ಒಂದೇ ಆದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಕೊಡುವುದು ಬರಿಯ ಪರವಾನಗಿಯಾದರೆ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದವನ್ನು ಬಳಸಕೂಡದೆಂಬ ಕಾನೂನು ಜಾರಿಗೆ ಬಂದಿದೆ. ಇಂಥ ಪ್ರಾಮಾಣಿಕ ಪದಪ್ರಯೋಗ ನಮ್ಮಲ್ಲಿಯೂ ಬಂದರೆ ಒಳಿತು.

ಹಣದ ಉಳಿತಾಯವೇ ಉದ್ದೇಶವಾದರೆ ಬೇರೆ ದಾರಿಗಳಿವೆ. ಸ್ಟೀಮ್‌ನಲ್ಲಿಯೇ ವರ್ಷದಲ್ಲಿ ಹಲವು ಸಲ ರಿಯಾಯಿತಿ ಮಾರಾಟ ನಡೆಯುತ್ತದೆ. ಹಳೆಯ ಆಟಗಳು ಆಗ ಬಹಳ ಅಗ್ಗ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಕ್ಕೆ ಕೇಳಬಹುದು. ಪೋಲೆಂಡಿನಲ್ಲಿ ಹುಟ್ಟಿದ ಜಿ.ಓ.ಜಿ. ಮಳಿಗೆಯಲ್ಲಿ ಕೊಂಡ ಆಟದ ಕಡತವನ್ನು ಒಮ್ಮೆ ಇಳಿಸಿ ಕಾಯ್ದಿಟ್ಟುಕೊಂಡರೆ, ಒಬ್ಬನೇ ಆಡುವ ಆಟಕ್ಕೆ ಮತ್ತೆ ಯಾರ ಅಪ್ಪಣೆಯೂ ಬೇಕಿಲ್ಲ.

ಒಂದೇ ಮನೆಯ ಅಣ್ಣತಮ್ಮಂದಿರು, ಅಕ್ಕತಂಗಿಯರಿಗಾಗಿ ಸ್ಟೀಮ್ 2024ರಿಂದ ಕುಟುಂಬ ವ್ಯವಸ್ಥೆಯನ್ನೂ ಮಾಡಿದೆ. ಆರು ಜನರವರೆಗೆ ಒಂದು ಕುಟುಂಬವಾಗಿ ಸೇರಿ, ಒಬ್ಬರು ಕೊಂಡ ಆಟಗಳನ್ನು, ಹಂಚಿಕೆಗೆ ಕಂಪನಿ ಒಪ್ಪಿದ್ದರೆ, ಉಳಿದವರೂ ತಮ್ಮ ತಮ್ಮ ಖಾತೆಯಿಂದಲೇ ಆಡಬಹುದು. ಒಂದು ಪ್ರತಿಯನ್ನು ಒಂದು ಸಮಯಕ್ಕೆ ಒಬ್ಬರು ಮಾತ್ರ. ಮಕ್ಕಳು ಎಷ್ಟು ಹೊತ್ತು, ಯಾವ ಆಟ ಆಡಬೇಕೆಂಬುದನ್ನು ತಂದೆತಾಯಿಗಳು ಅಲ್ಲಿಯೇ ಗೊತ್ತುಪಡಿಸಬಹುದು. ಕುಟುಂಬದಿಂದ ಹೊರಹೋದ ವಯಸ್ಕರು ಬೇರೊಂದು ಕುಟುಂಬ ಸೇರಲು, ಹಿಂದಿನ ಕುಟುಂಬವನ್ನು ಸೇರಿದ ದಿನದಿಂದ ಒಂದು ವರ್ಷ ಕಳೆಯುವವರೆಗೆ ಕಾಯಬೇಕು. ಆದ್ದರಿಂದ ಗೆಳೆಯರ ಒತ್ತಾಯಕ್ಕೆ ಹೊರಗಿನವರನ್ನು ಸೇರಿಸಿಕೊಳ್ಳದಿರುವುದು ಲೇಸು. ಮತ್ತೊಂದು ನಿಯಮವನ್ನು ಮಕ್ಕಳನ್ನೆಲ್ಲ ಕೂರಿಸಿಕೊಂಡು ಮೊದಲೇ ಓದಿಹೇಳಿ: ತಮ್ಮನು ಅಣ್ಣನ ಪ್ರತಿಯಲ್ಲಿ ಆಡುತ್ತ ಕಪಟ ತಂತ್ರಾಂಶ ಬಳಸಿ ಸಿಕ್ಕಿಬಿದ್ದರೆ, ಆ ಆಟದ ಮಟ್ಟಿಗೆ ನಿಷೇಧ ಅಣ್ಣನ ಖಾತೆಯ ಮೇಲೂ ಬೀಳುತ್ತದೆ.