ಬರೆಯಬೇಕೆಂಬ ಹುಡುಗಿಯರ ವಿಷಯವಾಗಿ

ಹತ್ತನೆಯ ಇಯತ್ತೆಯ ವಿದ್ಯಾರ್ಥಿನಿಯರು ಶಾಲೆಯನ್ನು ಬಿಡುವ ಮೊದಲು ಅವರನ್ನು ಒಬ್ಬೊಬ್ಬರಾಗಿ ಕರೆದು, ಮುಂದೆ ಏನಾಗಬೇಕೆಂದಿರುವಿ ಎಂದು ಕೇಳುವದು ನಮ್ಮ ರೂಢಿ. ವೈದ್ಯೆ, ದಾದಿ, ಶಿಕ್ಷಕಿ, ಪೋಲೀಸು ಅಧಿಕಾರಿ ಎಂಬ ಉತ್ತರಗಳು ಧಾರಾಳವಾಗಿ ಬರುವವು. ಎರಡು ಮೂರು ವರ್ಷಕ್ಕೊಮ್ಮೆ ಒಬ್ಬಳು ಮಾತ್ರ ಬಾಗಿಲ ಕಡೆಗೆ ನೋಡಿ, ಯಾರೂ ಕೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಾನು ಕಥೆ ಬರೆಯುವವಳಾಗಬೇಕೆಂದು ಹೇಳುವಳು. ವೈದ್ಯೆಯಾಗುವೆನೆಂಬವಳು ಹೀಗೆ ದನಿ ತಗ್ಗಿಸಿದ್ದನ್ನು ನಾವು ಕಂಡಿಲ್ಲ. ಈ ಲೇಖನವು ಆ ತಗ್ಗಿದ ದನಿಯವಳ ಸಲುವಾಗಿ. ಅವಳ ತಂದೆತಾಯಿಗಳ ಸಲುವಾಗಿಯೂ ಅಹುದು.

ಸಾಹಿತ್ಯವು ಧಾರವಾಡ, ಬೆಂಗಳೂರು, ಮೈಸೂರಿನವರ ಸೊತ್ತೆಂಬ ತಪ್ಪು ತಿಳುವಳಿಕೆಯು ನಮ್ಮ ಕಡೆಯ ಪಾಲಕರಲ್ಲಿ ಬಹಳವಾಗಿದೆ. ಅವರು ತಮ್ಮ ಸೀಮೆಯನ್ನೇ ಒಮ್ಮೆ ನೋಡಿಕೊಳ್ಳಲಿ. ಬೆಟಗೇರಿ ಕೃಷ್ಣಶರ್ಮರು 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದವರು. ಆನಂದಕಂದರೆಂಬ ಹೆಸರಿನಿಂದ ಬರೆದ ಅವರು 1938ರಲ್ಲಿ ‘ಜಯಂತಿ’ ಮಾಸಪತ್ರಿಕೆಯನ್ನು ಆರಂಭಿಸಿ ಎರಡು ದಶಕಕ್ಕೂ ಮಿಕ್ಕಿ ನಡಿಸಿದರು. ಮಾಸಪತ್ರಿಕೆಯನ್ನು ನಡಿಸುವದೆಂದರೆ ತಿಂಗಳು ತಪ್ಪದೆ ಅಚ್ಚಿನ ಮನೆಗೆ ಪುಟಗಳನ್ನು ಒದಗಿಸುವದು. ಸ್ಫೂರ್ತಿ ಬರಲೆಂದು ಕಾಯುತ್ತ ಕೂಡ್ರುವವರಿಂದ ಆಗತಕ್ಕ ಕೆಲಸವಲ್ಲ. ಅದೇ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಪತ್ರಕರ್ತರಾಗಿ ದುಡಿದು, ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡು, ಕಾದಂಬರಿಗಳನ್ನು ಬರೆದು, 1980ರಲ್ಲಿ ಬೆಳಗಾವಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಬಡತನದ ಮೂಲಕ ಶಾಲೆಯನ್ನೇ ಬಿಡಬೇಕಾಗಿ ಬಂದಿತ್ತು. ಸಾವಳಗಿ ಮಠದ ಸ್ವಾಮಿಗಳು ಅವರ ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿಕೊಂಡರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಆ ಹುಡುಗನಿಗೇ ಬಂದಿತು.

ಕಂಬಾರರ ಮಾತು ಬಂದುದರಿಂದ ನಮ್ಮದೊಂದು ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳುವೆವು. 1964ರಲ್ಲಿ ಬಂದ ಅವರ ಕಾವ್ಯದ ಹೆಸರು ‘ಹೇಳತೇನ ಕೇಳ’. ಎರಡೇ ಶಬ್ದ. ನಮ್ಮ ವರ್ಗದಲ್ಲಿ ಯಾವಳಾದರೂ ಹುಡುಗಿಯು ಹೀಗೆ ಬರೆದಿದ್ದರೆ ಎರಡು ಶಬ್ದಗಳ ಕೆಳಗೂ ಕೆಂಪು ಗೆರೆ ಎಳೆದು ‘ಹೇಳುತ್ತೇನೆ, ಕೇಳು’ ಎಂದು ತಿದ್ದಿಕೊಡುತ್ತಿದ್ದೆವು. ಇದು ಬರಿಯ ಊಹೆಯಲ್ಲ. 2019ರ ಅಗಸ್ಟ ತಿಂಗಳಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದ ಮನೆಗಳಿಗೆ ನೀರು ನುಗ್ಗಿದುದನ್ನು ನಮ್ಮ ವಾಚಕರು ಮರೆತಿರಲಾರರು. ಶಾಲೆಗಳು ಮತ್ತೆ ತೆರೆದ ಮೇಲೆ ನಾವು ಒಂಬತ್ತನೆಯ ಇಯತ್ತೆಗೆ ಆ ವಿಷಯದ ಮೇಲೆ ನಿಬಂಧವನ್ನು ಕೊಟ್ಟಿದ್ದೆವು. ಒಬ್ಬಳು ಬರೆದಳು: ‘ಹೊಳಿ ಮನಿಯಾಗ ಬಂದು ಕುಂತಿತ್ತ. ಅವ್ವ ಒಲಿ ಎಲ್ಲೈತಿ ಅಂತ ನೀರಾಗ ಕಾಲಿಲೆ ಹುಡುಕಿದಳ.’ ನಾವು ಅದನ್ನು ತಿದ್ದಿ, ‘ನದಿಯ ನೀರು ಗೃಹವನ್ನು ಪ್ರವೇಶಿಸಿತು’ ಎಂದು ಮಾಡಿಕೊಟ್ಟೆವು. ಒಲೆಯ ವಾಕ್ಯಕ್ಕೆ ‘ಅನಾವಶ್ಯಕ’ವೆಂದು ಅಂಚಿನಲ್ಲಿ ಬರೆದೆವು. ಮುಂದಿನ ನಿಬಂಧದಲ್ಲಿ ಅವಳು ಒಂದು ತಪ್ಪನ್ನೂ ಮಾಡಲಿಲ್ಲ. ಮಾರ್ಗದರ್ಶಿಯಿಂದ ಇಳಿಸಿಕೊಂಡು ಬಂದಿದ್ದಳು. ಎರಡು ವರ್ಷಗಳ ತರುವಾಯ ದಾಖಲೆ ಒಯ್ಯಲು ಬಂದಾಗ, ಈಗಲೂ ಏನಾದರೂ ಬರೆಯುತ್ತಿರುವಿಯಾ ಎಂದು ಕೇಳಿದೆವು. ‘ನನಗ ಶುದ್ಧ ಬರಿಯಾಕ ಬರೂದಿಲ್ರೀ ಟೀಚರ್’ ಎಂದಳು.

ಶುದ್ಧ ಬರವಣಿಗೆಯನ್ನು ಕಲಿಸಬಾರದೆಂದು ನಾವು ಹೇಳುವದಿಲ್ಲ. ಅರ್ಜಿ ಬರೆಯಲು, ಪರೀಕ್ಷೆಗೆ ಕೂಡ್ರಲು ಅದು ಬೇಕೇ ಬೇಕು. ಆದರೆ ನೀರಿನಲ್ಲಿ ಒಲೆಯನ್ನು ಕಾಲಿನಿಂದ ಹುಡುಕುವ ತಾಯಿಯನ್ನು ಕಂಡವಳಿಗೆ ಕಣ್ಣಿದೆಯೆಂಬುದನ್ನು ಮೊದಲು ಗುರುತಿಸಿ, ವ್ಯಾಕರಣವನ್ನು ಆಮೇಲೆ ನೋಡಬೇಕಾಗಿತ್ತು.

ಇನ್ನು ಬರೆಯಬೇಕೆಂಬ ಹುಡುಗಿಯೊಡನೆ ಎರಡು ಮಾತು. ‘ಲೇಖಕಿಯಾಗುವೆನು’ ಎಂಬುದು ಆಸೆ. ಅದು ಇನ್ನೂ ಗುರಿಯಾಗಿಲ್ಲ. ಪುಸ್ತಕ ಅಚ್ಚಾಗುವದು, ಬಹುಮಾನ ಬರುವದು ಇವು ಪರರ ಕೈಯಲ್ಲಿರುವವು. ನಿನ್ನ ಕೈಯಲ್ಲಿರುವದನ್ನೇ ಗುರಿಯಾಗಿ ಇಟ್ಟುಕೊಳ್ಳಬೇಕು. ಒಂದು ವಹಿ, ದಿನಕ್ಕೆ ಅರ್ಧ ತಾಸು, ತಿಂಗಳಿಗೆ ಮುಗಿಸಿದ ಒಂದು ಬರಹ, ಅದು ಎಷ್ಟೇ ಚಿಕ್ಕದಿರಲಿ. ಮುಗಿಸಿದ ಎಂಬ ಮಾತಿಗೆ ಒತ್ತು ಕೊಟ್ಟು ಹೇಳುತ್ತೇವೆ; ಆರಂಭಿಸಿ ಬಿಟ್ಟ ಹತ್ತು ಕಥೆಗಳಿಂದ ಕಲಿಯಲಾಗದುದು ಮುಗಿಸಿದ ಒಂದರಿಂದ ಬರುವದು. ವರ್ಷದಲ್ಲಿ ಎರಡು ಬರಹಗಳನ್ನಾದರೂ ಪತ್ರಿಕೆಗೆ ಕಳಿಸು, ಕಳಿಸಿದ ತಾರೀಖನ್ನು ವಹಿಯ ಹಿಂದಿನ ಪುಟದಲ್ಲಿ ಬರೆದಿಡು, ತಿರುಗಿ ಬಂದರೆ ಅದನ್ನೂ ಬರೆ. ಬರಹವು ತಿರುಗಿ ಬರುವದು ಅಪಮಾನವಲ್ಲ, ಅಂಚೆಯ ವ್ಯವಹಾರ. (ಮೊಬೈಲಿನಲ್ಲಿ ಬರೆದ ಕೂಡಲೆ ನಾಲ್ಕು ಜನರು ಮೆಚ್ಚುವ ಅನುಕೂಲವು ಈಗ ಇದೆ; ಅದರಿಂದ ನಮಗೆ ಭಯವೇ ಹೆಚ್ಚು, ಏಕೆಂದರೆ ಆ ನಾಲ್ವರೂ ಓದಿರುವದಿಲ್ಲ.)

ಕಲಿತ ಶಾಲೆಯಲ್ಲಿ ಕನ್ನಡವೇ ಇರಲಿಲ್ಲವೆಂಬ ನೆವವೂ ನಡೆಯದು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರನ್ನು ನೋಡಿರಿ. 1912ರಲ್ಲಿ ಹುಟ್ಟಿದ ಅವರಿಗೆ ಶಾಲೆಯಲ್ಲಿ ದೊರೆತದ್ದು ಮರಾಠಿ. ಎಳೆಯ ವಯಸ್ಸಿನಲ್ಲಿಯೇ ಮದುವೆ. ಕನ್ನಡವನ್ನು ತಾವೇ ಕಲಿತುಕೊಂಡರು. ಸಿದ್ಧರಾಮೇಶ್ವರನ ಚರಿತ್ರೆಯನ್ನು ಕನ್ನಡದಲ್ಲಿ ಹೇಳುವದು ಅವರ ಗುರಿ, ಅದಕ್ಕೆ ಆರಿಸಿಕೊಂಡದ್ದು ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹಾಡುತ್ತಿದ್ದ ತ್ರಿಪದಿ. ನಾಲ್ಕು ಸಾವಿರಕ್ಕೆ ಮಿಕ್ಕಿ ತ್ರಿಪದಿಗಳಲ್ಲಿ ಆ ಪುರಾಣವು ಪೂರ್ಣವಾಯಿತು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷೆಯಾದರು. ಆ ಪೀಠವನ್ನೇರಿದ ಮೊದಲನೆಯ ಹೆಣ್ಣುಮಗಳು ಅವರೇ.

ಪಾಲಕರಲ್ಲಿ ನಮ್ಮ ಬೇಡಿಕೆಯು ದೊಡ್ಡದಲ್ಲ. ಸಂಜೆಯ ಏಳರಿಂದ ಎಂಟರವರೆಗಿನ ಹೊತ್ತನ್ನು ನಮ್ಮ ಮನೆಗಳಲ್ಲಿ ನೋಡಿರಿ: ಮಗನು ಪುಸ್ತಕ ಹಿಡಿದು ಕುಳಿತಿರುವನು, ಮಗಳು ರೊಟ್ಟಿ ಬಡಿಯುತ್ತಿರುವಳು. ರೊಟ್ಟಿ ಬಡಿಯುವದು ಹೀನ ಕೆಲಸವೆಂದಲ್ಲ, ನಾವೂ ಬಡಿಯುವೆವು. ವಾರದಲ್ಲಿ ಮೂರು ದಿನ ಆ ಕೆಲಸದಲ್ಲಿ ಮಗನಿಗೂ ಪಾಲು ಕೊಟ್ಟರೆ ಅರ್ಧ ತಾಸು ತಾನಾಗಿಯೇ ಹುಟ್ಟುವದು. ಇದರಿಂದ ಏನು ಬರುತ್ತದೆ ಎಂದು ಪ್ರತಿ ವಾರವೂ ಕೇಳಬೇಡಿರಿ. ಬರವಣಿಗೆಯಿಂದ ಹೊಟ್ಟೆ ತುಂಬುವದು ವಿರಳವೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಮಗಳಿಗೆ ನೌಕರಿಯ ವಿದ್ಯೆಯನ್ನೂ ಕಲಿಸಿರಿ. ಒಂದಕ್ಕೆ ಇನ್ನೊಂದು ಅಡ್ಡಿಯಲ್ಲ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಾಲ್ವತ್ತು ದಾಟಿದವರು ಇದನ್ನು ಓದಿ ತಮಗೆ ಹೊತ್ತು ಮೀರಿತೆಂದು ನಿಟ್ಟುಸಿರು ಬಿಡಬಹುದು. ಇಂಗ್ಲೆಂಡಿನ ಫ್ರಾನ್ಸಿಸ್ ಟ್ರಾಲಪ್ ಎಂಬಾಕೆಯ ಮೊದಲನೆಯ ಪುಸ್ತಕವು 1832ರಲ್ಲಿ ಹೊರಬಂದಾಗ ಆಕೆಗೆ 53 ವರ್ಷ. ಮನೆಯಲ್ಲಿ ಸಾಲ, ಹಾಸಿಗೆ ಹಿಡಿದ ಗಂಡ, ಕ್ಷಯದ ಮಕ್ಕಳು. ಮನೆಯವರು ಏಳುವ ಮೊದಲೇ, ನಸುಕಿನ ನಾಲ್ಕು ಗಂಟೆಗೆ ಬರೆಯಲು ಕೂಡ್ರುತ್ತಿದ್ದಳು. ಹೀಗೆ ಬರೆದ ಗ್ರಂಥಗಳು ಸುಮಾರು 40. ನಮಗೂ ನಾಲ್ವತ್ತು ದಾಟಿದೆ, ಪೆಟ್ಟಿಗೆಯಲ್ಲಿ ನಮ್ಮದೂ ಒಂದು ವಹಿ ಇದೆ. ಅದರ ಕಡೆಯ ಪುಟಗಳಲ್ಲಿ ಹಾಲಿನವನ ಲೆಕ್ಕವಿದೆ. ಇದನ್ನು ನಾಚಿಕೆಯಿಂದಲೇ ಹೇಳುತ್ತೇವೆ.

ಈಗ ಶನಿವಾರ ಶಾಲೆ ಬಿಟ್ಟ ಮೇಲೆ ಗ್ರಂಥಾಲಯದ ಕೋಣೆಯಲ್ಲಿ ಒಂದು ತಾಸು ಮೇಜು ಹಾಕಿಸುತ್ತಿದ್ದೇವೆ. ಬರೆಯಬೇಕೆನ್ನುವವರು ಬಂದು ಬರೆಯಬಹುದು, ಕೆಂಪು ಶಾಯಿಗೆ ಒಳಗೆ ಪ್ರವೇಶವಿಲ್ಲ. ಸದ್ಯಕ್ಕೆ ಆರು ಜನ ಬರುತ್ತಾರೆ. ಕಳೆದ ವಾರ ಮೂಡಲಗಿ ಕಡೆಯ ಒಬ್ಬಳು ತನ್ನ ಅಜ್ಜಿಯ ಮೇಲೆ ಬರೆದ ನಾಲ್ಕು ಪುಟಗಳನ್ನು ತಂದು ತೋರಿಸಿದಳು. ಎರಡನೆಯ ಸಾಲಿನಲ್ಲಿಯೇ ‘ಕುಂತಿದ್ದಳ’ ಎಂದಿತ್ತು. ನಮ್ಮ ಕೈಯು ರೂಢಿಯಂತೆ ಲೇಖಣಿಯ ಕಡೆಗೆ ಹೋಯಿತು. ತಿರುಗಿ ತಂದುಕೊಂಡು, ಮುಂದೆ ಓದು ಎಂದೆವು.