ನಿಂತ ಕಾರು ಗೊಣಗಿದರೆ ಗಾಬರಿ ಯಾಕೆ?

ಕಾರು ನಿಂತಿದೆ. ಡ್ರೈವರ್ ಕಾಫಿಗೆ ಹೋಗಿದ್ದಾನೆ. ಇದ್ದಕ್ಕಿದ್ದಂತೆ ಎಂಜಿನ್ ಗುರ್ ಎಂದು ಎದ್ದು, ಒಂದೆರಡು ನಿಮಿಷ ಓಡಿ, ಮತ್ತೆ ತಣ್ಣಗಾಗುತ್ತದೆ. ಸ್ಟಾರ್ಟ್ ಮಾಡಿದವರು ಯಾರೂ ಇಲ್ಲ! ಅಂಗಡಿಯವರು ಗಲ್ಲಾ ಬಿಟ್ಟು ಹೊರಗೆ ಇಣುಕುತ್ತಾರೆ. ಬಸ್ಸಿಗೆ ಕಾದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ‘ಬೆಂಕಿ ಹತ್ಕೊಳ್ಳುತ್ತೇನೋ ನೋಡ್ರೀ’ ಎನ್ನುವವರೊಬ್ಬರು, ‘ವೈರಿಂಗ್ ಕೆಟ್ಟಿದೆ’ ಎಂದು ತೀರ್ಪು ಕೊಡುವವರು ಇನ್ನೊಬ್ಬರು. ಹೈಬ್ರಿಡ್ ಕಾರು ಬಂದ ಪೇಟೆಬೀದಿಗಳಲ್ಲಿ ಇಂಥ ಪ್ರಸಂಗ ಹೊಸತೇನಲ್ಲ.

ಇದು ದೂರದ ದೇಶದ ಕಥೆಯೂ ಅಲ್ಲ. ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮಾರಾಟಕ್ಕೆ ಬಂದದ್ದು 1997ರ ಡಿಸೆಂಬರಿನಲ್ಲಿ. 2013ರಲ್ಲಿ ಬಿಡದಿಯ ಕಾರ್ಖಾನೆಯಲ್ಲೇ ಕ್ಯಾಮ್ರಿ ಹೈಬ್ರಿಡ್ ತಯಾರಾಗತೊಡಗಿತು. 2022ರ ನವೆಂಬರಿನಲ್ಲಿ ಇನ್ನೋವಾ ಹೈಕ್ರಾಸ್ ಹೊರಬಿತ್ತು. ಸಾಹೇಬರ ಕಾರಾಗಿದ್ದ ಹೈಬ್ರಿಡ್ ಈಗ ಮದುವೆ ದಿಬ್ಬಣಕ್ಕೂ ಬರುತ್ತದೆ, ಬಾಡಿಗೆಗೂ ಓಡುತ್ತದೆ. ಕಾರು ಬಂತು. ಅದರ ಭಾಷೆ ಹೇಳಿಕೊಡುವವರು ಮಾತ್ರ ಬರಲಿಲ್ಲ.

ಯಾವ ಸದ್ದು ಯಾವುದರದ್ದು?

ಹೈಬ್ರಿಡ್ ಎಂದರೆ ಒಂದೇ ಗಾಡಿಗೆ ಎರಡು ಎತ್ತು. ಒಂದು ಪೆಟ್ರೋಲ್ ಎಂಜಿನ್, ಇನ್ನೊಂದು ವಿದ್ಯುತ್ ಮೋಟಾರು. ಮೋಟಾರಿಗೆ ದೊಡ್ಡ ಬ್ಯಾಟರಿ ಇದೆ. ಕಾರು ‘ರೆಡಿ’ ಸ್ಥಿತಿಯಲ್ಲಿದ್ದಾಗ ಬ್ಯಾಟರಿ ಇಳಿದರೆ ಎಂಜಿನ್ ತಾನಾಗಿ ಎದ್ದು ಚಾರ್ಜ್ ಮಾಡುತ್ತದೆ, ಸಾಕಾದ ಮೇಲೆ ತಾನಾಗಿ ನಿಲ್ಲುತ್ತದೆ. ಏಸಿ ಹಾಕಿಟ್ಟರಂತೂ ಬ್ಯಾಟರಿ ಬೇಗ ಇಳಿಯುತ್ತದೆ, ಎಂಜಿನ್ ಮತ್ತೆ ಮತ್ತೆ ಏಳುತ್ತದೆ. ಇದು ರೋಗವಲ್ಲ, ಅದರ ಕಸುಬು.

ಬಾಗಿಲು ತೆಗೆದ ಕೂಡಲೇ ಜುಯ್ ಎಂಬ ಸದ್ದು ಕೇಳಿದರೆ ಅದು ಬ್ರೇಕಿನ ಪಂಪು. ಡ್ರೈವರ್ ಕೂರುವ ಮುಂಚೆಯೇ ಬ್ರೇಕಿಗೆ ಒತ್ತಡ ತುಂಬಿಸಿಡುತ್ತದೆ. ಆನ್ ಮಾಡುವಾಗ, ಆಫ್ ಮಾಡುವಾಗ ಟಕ್ ಎನ್ನುವುದು ದೊಡ್ಡ ಬ್ಯಾಟರಿಯ ಸ್ವಿಚ್ಚು. ಸೀಟಿನ ಕಡೆಯಿಂದ ಸುಯ್ ಎನ್ನುವುದು ಬ್ಯಾಟರಿ ತಂಪು ಮಾಡುವ ಫ್ಯಾನು. ಓಡಿ ಬಂದ ಕಾರಿನ ಅಡಿಯಲ್ಲಿ ಟಿಕ್ ಟಿಕ್ ಎಂದರೆ ಕಾದ ಸೈಲೆನ್ಸರ್ ಕೊಳವೆ ತಣಿಯುತ್ತಿದೆ, ಅಷ್ಟೇ. ಕೆಲವು ದೇಶಗಳಿಗೆಂದು ತಯಾರಾದ ಕಾರುಗಳಲ್ಲಿ ಇನ್ನೊಂದು ಚೋದ್ಯವುಂಟು. ಆಫ್ ಮಾಡಿ ಸುಮಾರು 5 ಗಂಟೆ ಕಳೆದ ಮೇಲೆ, ನಡುರಾತ್ರಿಯೇ ಆಗಲಿ, ಪೆಟ್ರೋಲ್ ಆವಿ ಸೋರುತ್ತಿದೆಯೇ ಎಂದು ಕಾರು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಪಾಪ, ಕಾವಲುಗಾರನಿಗೆ ದೆವ್ವದ ನೆನಪಾದರೆ ತಪ್ಪೇನು?

ಹೆದರಬೇಕಾದ್ದು ಎಲ್ಲಿ?

ಹೆದರಬೇಕಾದ ಕಡೆ ಹೆದರದೆ, ಬೇಡದ ಕಡೆ ಹೆದರುವುದೇ ಇಲ್ಲಿನ ತೊಂದರೆ. ಎಂಜಿನ್ ತಾನಾಗಿ ಎದ್ದಿತೆಂದರೆ ಅರ್ಥ ಒಂದೇ: ಕಾರು ಆಫ್ ಆಗಿಲ್ಲ. ಸದ್ದಿಲ್ಲ ಅಂತ ಆಫ್ ಆಗಿದೆ ಅಂದ್ಕೊಂಡು ಬಾನೆಟ್ ಎತ್ತಿ ಕೈ ಹಾಕಿದರೆ ಬೆರಳು ಹೋದೀತು. ಮಗುವನ್ನು ಒಳಗೆ ಬಿಟ್ಟು ತರಕಾರಿ ಕೊಳ್ಳಲು ಇಳಿದರೆ ಕಾರೇ ಹೊರಟೀತು.

ಇನ್ನು ಮುಚ್ಚಿದ ಶೆಡ್ಡು, ಗಾಳಿಯಾಡದ ನೆಲಮಾಳಿಗೆ. ‘ರೆಡಿ’ಯಲ್ಲೇ ಬಿಟ್ಟು ಏಸಿ ಹಾಕಿಕೊಂಡು ಮಲಗುವ ಡ್ರೈವರುಗಳು ಕಮ್ಮಿಯೇ? ಎಂಜಿನ್ ಎದ್ದಾಗಲೆಲ್ಲ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮೆರಿಕದಲ್ಲಿ ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳನ್ನು ಮನೆಯ ಶೆಡ್ಡಿನಲ್ಲಿ ಆಫ್ ಮಾಡದೆ ಮರೆತು, 2006ರಿಂದೀಚೆಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಈ ಹೊಗೆಗೆ ಬಲಿಯಾದರೆಂದು ದಿ ನ್ಯೂಯಾರ್ಕ್ ಟೈಮ್ಸ್ 2018ರಲ್ಲಿ ಲೆಕ್ಕ ಹಾಕಿತ್ತು. ಅವೆಲ್ಲ ಹೈಬ್ರಿಡ್ ಅಲ್ಲ, ಆದರೆ ಪಾಠ ಒಂದೇ.

ಫ್ಯಾನಿನ ಸದ್ದು ದಿನೇ ದಿನೇ ಜಾಸ್ತಿಯಾದರೆ ಅದನ್ನೂ ಅಲಕ್ಷ್ಯ ಮಾಡಬಾರದು. ಅನೇಕ ಮಾದರಿಗಳಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಸೀಟಿನ ಪಕ್ಕ ಅಥವಾ ಕೆಳಗೆ ಇರುತ್ತದೆ. ಅದರ ಮೇಲೆ ಅಂಗಡಿಯ ಮೂಟೆ ಹೇರಿದರೆ, ಜರಡಿಗೆ ಧೂಳು ಕಟ್ಟಿದರೆ ಬ್ಯಾಟರಿ ಕಾಯುತ್ತದೆ. ಆಮೇಲೆ ರಿಪೇರಿಗೆ ಸಾವಿರದಲ್ಲಿ ಮುಗಿಯುವುದಿಲ್ಲ. ಕಿತ್ತಳೆ ಬಣ್ಣದ ವೈರನ್ನಂತೂ ಗೊತ್ತಿಲ್ಲದವರು ಮುಟ್ಟಲೇಬಾರದು. ಅದರಲ್ಲಿ ಹರಿಯುವುದು 200 ವೋಲ್ಟಿನ ಆಸುಪಾಸು ಅಥವಾ ಅದಕ್ಕೂ ಮೇಲಿನ ಕರೆಂಟು. ಮಾಮೂಲಿ 12 ವೋಲ್ಟಿನ ಬ್ಯಾಟರಿಯಂತೆ ಕೆದಕಿದರೆ ಜೀವವೇ ಹೋದೀತು.

ಹೇಳಬೇಕಾದವರು ಯಾರು?

ಇದೆಲ್ಲ ಕಾರಿನ ಜೊತೆ ಕೊಡುವ ದಪ್ಪ ಪುಸ್ತಕದಲ್ಲಿದೆ ಎಂದು ಮಾರುವವರು ಜಾರಿಕೊಳ್ಳಬಹುದು. ಇಂಗ್ಲಿಷಿನ ಆ ಪುಸ್ತಕ ಓದುವವರು ಯಾರು ಸ್ವಾಮಿ? ಹಾರ ಹಾಕಿಸಿ, ನಿಂಬೆಹಣ್ಣು ಚಕ್ರಕ್ಕಿಟ್ಟು, ಕೀಲಿ ತೆಗೆದುಕೊಳ್ಳುವವರು ಮಾಲೀಕರು. ಸದ್ದು ಕೇಳುವವರು ಡ್ರೈವರು, ಕಾವಲುಗಾರ, ಅಂಗಡಿ ಹುಡುಗ, ರಸ್ತೆಬದಿಯ ಮೆಕ್ಯಾನಿಕ್ಕು. ಅವರಿಗೆ ಹೇಳಿದವರಿಲ್ಲ.

ಕೆಲಸ ದೊಡ್ಡದೇನಲ್ಲ. ಕನ್ನಡದಲ್ಲಿ ಒಂದೇ ಹಾಳೆ, ನಾಲ್ಕೈದು ಸದ್ದಿನ ಅರ್ಥ, ಮೂರು ಎಚ್ಚರಿಕೆ: ಇಳಿಯುವಾಗ ‘ರೆಡಿ’ ದೀಪ ಆರಿದೆಯೇ ನೋಡು, ಮುಚ್ಚಿದ ಜಾಗದಲ್ಲಿ ಚಾಲೂ ಬಿಟ್ಟು ಮಲಗಬೇಡ, ಕಿತ್ತಳೆ ವೈರು ಮುಟ್ಟಬೇಡ. ಅದನ್ನು ಡ್ರೈವರ್ ಕಣ್ಣಿಗೆ ಬೀಳುವ ಕಡೆ ಅಂಟಿಸಿ ಕೊಟ್ಟರೆ ಯಾವ ಶೋರೂಮಿನ ಗಂಟೂ ಹೋಗುವುದಿಲ್ಲ. ಮಾಲೀಕರೂ ಅಷ್ಟೇ, ಕೀಲಿ ಕೊಡುವಾಗ ಈ ನಾಲ್ಕು ಮಾತನ್ನೂ ಕೊಡಬೇಕು. ಮೈಲೇಜಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಸದ್ದಿನ ಬಗ್ಗೆ ಐದು ನಿಮಿಷ ಮಾತಾಡಲಿ.