ನರಕದ ಬಾಯಿಯ ಮೇಲೊಂದು ಹೈಸ್ಕೂಲು

ಕ್ಯಾಲಿಫೋರ್ನಿಯಾದ ಸನ್ನಿಡೇಲ್ ಎಂಬ ಊರು ಯಾವ ಭೂಪಟದಲ್ಲೂ ಇಲ್ಲ. ಕಿರುತೆರೆಗೆಂದೇ ಕಲ್ಪಿಸಿಕೊಂಡ ಊರು ಅದು. ಅಲ್ಲೊಂದು ಹೈಸ್ಕೂಲು. ಆ ಹೈಸ್ಕೂಲಿಗೊಂದು ಗ್ರಂಥಾಲಯ. ಇಂಗ್ಲೆಂಡಿನಿಂದ ಬಂದ ಗ್ರಂಥಪಾಲಕ, ಕಪಾಟುಗಳ ತುಂಬ ಹಳೆಯ ಪುಸ್ತಕಗಳು, ಅವನ್ನು ತೆರೆದು ನೋಡುವ ಮಕ್ಕಳು ಮಾತ್ರ ಮೂರೋ ನಾಲ್ಕೋ ಮಂದಿ. ಇಷ್ಟೇ ಆಗಿದ್ದರೆ ಅದು ಯಾವ ಊರಿನ ಶಾಲೆಯೂ ಆಗಬಹುದಿತ್ತು. ಆದರೆ ಈ ಗ್ರಂಥಾಲಯದ ನೆಲದಡಿಯಲ್ಲೇ ಇದೆ ನರಕದ ಬಾಯಿ! ಅಲ್ಲಿಂದ ಮೇಲೆದ್ದು ಬರುವ ದೆವ್ವಗಳನ್ನೂ ರಕ್ತ ಹೀರುವ ವ್ಯಾಂಪೈರುಗಳನ್ನೂ ಸಂಹರಿಸಬೇಕಾದವಳು ಬಫಿ ಸಮ್ಮರ್ಸ್ ಎಂಬ ಹದಿನಾರರ ಹುಡುಗಿ. ಹಗಲು ಪಾಠ, ರಾತ್ರಿ ಸ್ಮಶಾನದಲ್ಲಿ ಗಸ್ತು, ಮರುದಿನ ಹೋಂವರ್ಕ್ ಮಾಡಿಲ್ಲವೆಂದು ಬೈಗುಳ.

'ಬಫಿ ದ ವ್ಯಾಂಪೈರ್ ಸ್ಲೇಯರ್' ಅಮೆರಿಕದಲ್ಲಿ ಪ್ರಸಾರವಾಗತೊಡಗಿದ್ದು 1997ರ ಮಾರ್ಚ್ 10ರಂದು. ಮುಗಿದದ್ದು 2003ರ ಮೇ 20ರಂದು. ಒಟ್ಟು ಏಳು ಸೀಸನ್, 144 ಕಂತು. ಮುಗಿದು ಎರಡು ದಶಕ ದಾಟಿದರೂ ಅಭಿಮಾನಿಗಳ ನಡುವೆ ಒಂದು ಜಗಳ ಮಾತ್ರ ಮುಗಿದಿಲ್ಲ: ಏಳರಲ್ಲಿ ಮೊದಲ ರ್‍ಯಾಂಕ್ ಯಾವುದಕ್ಕೆ, ಕೊನೆಯ ಸ್ಥಾನ ಯಾವುದಕ್ಕೆ?

ಮೇಲ್ನೋಟಕ್ಕೆ ಇದು ಕೆಲಸವಿಲ್ಲದವರ ಚರ್ಚೆ ಎನಿಸಬಹುದು. ಆದರೆ ವಿದ್ಯಾರ್ಥಿಗಳಿರುವ ಮನೆಯಲ್ಲಿ ಈ ಜಗಳಕ್ಕೆ ಬೇರೆಯೇ ಅರ್ಥವಿದೆ. ಅಮೆರಿಕದ ಕಿರುತೆರೆಯಲ್ಲಿ ಆಗ ಒಂದು ಸೀಸನ್ ಎಂದರೆ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ, ಸುಮಾರು 22 ಕಂತು. ಅಲ್ಲಿನ ಶಾಲಾ ವರ್ಷವೂ ಹೆಚ್ಚುಕಡಿಮೆ ಅದೇ. ಹಾಗಾಗಿ ಬಫಿಯ ಒಂದೊಂದು ಸೀಸನ್ ಎಂದರೆ ಅವಳ ಬದುಕಿನ ಒಂದೊಂದು ತರಗತಿ. ಮೊದಲ ಮೂರು ಹೈಸ್ಕೂಲು, ನಾಲ್ಕನೆಯದು ಕಾಲೇಜು. ಐದನೆಯದರಲ್ಲಿ ಕಾಲೇಜು ಬಿಡುತ್ತಾಳೆ. ಆಮೇಲಿನದು ದುಡಿಮೆ, ಸಾಲ, ಸಂಸಾರ.

ಇದನ್ನು ರೂಪಿಸಿದವರು ಜಾಸ್ ವೇಡನ್. 1992ರಲ್ಲೇ ಇದೇ ಹೆಸರಿನ ಚಲನಚಿತ್ರಕ್ಕೆ ಅವರು ಚಿತ್ರಕಥೆ ಬರೆದಿದ್ದರು. ಭಯಾನಕ ಚಿತ್ರಗಳಲ್ಲಿ ಕತ್ತಲ ಗಲ್ಲಿಗೆ ಹೋಗಿ ಸಾಯುವ ಹೊಂಬಣ್ಣದ ಕೂದಲಿನ ಹುಡುಗಿ ಇರುತ್ತಾಳಲ್ಲ, ಅವಳೇ ತಿರುಗಿ ನಿಂತು ರಾಕ್ಷಸನನ್ನು ಹೊಡೆದರೆ ಹೇಗೆ ಎಂಬುದು ಮೂಲ ಕಲ್ಪನೆ. (ಹೆಣ್ಣಿನ ಬಲವನ್ನೇ ವಸ್ತುವಾಗಿಟ್ಟುಕೊಂಡ ಈ ಧಾರಾವಾಹಿಯ ಸೆಟ್ಟಿನಲ್ಲಿ ವೇಡನ್ ತಮ್ಮನ್ನು ಕೆಟ್ಟದಾಗಿ ನಡೆಸಿಕೊಂಡರೆಂದು ನಟಿ ಚರಿಸ್ಮಾ ಕಾರ್ಪೆಂಟರ್ 2021ರಲ್ಲಿ ಬಹಿರಂಗವಾಗಿ ಹೇಳಿದರು. ಅಭಿಮಾನಿಗಳಿಗೆ ಇದು ನುಂಗಲಾರದ ತುತ್ತು.) ಕಥೆಗಾರರು ಹಿಡಿದ ಸೂತ್ರ ಸರಳ: ಹದಿಹರೆಯದ ಒಂದು ಭಯವನ್ನು ಆರಿಸಿಕೊಳ್ಳುವುದು, ಅದಕ್ಕೆ ಕೋರೆಹಲ್ಲು ಹಚ್ಚುವುದು. ಆ ವರ್ಷದ ರಾಕ್ಷಸ ಆ ವಯಸ್ಸಿನ ಭಯಕ್ಕೆ ಎಷ್ಟು ಹೊಂದುತ್ತಾನೋ ಆ ಸೀಸನ್ ಅಷ್ಟು ಮೇಲೆ. ಅಳತೆಗೋಲು ಇದೊಂದೇ ಸಾಕು.

ಈ ಅಳತೆಗೋಲು ಹಿಡಿದರೆ ಮೊದಲ ಸ್ಥಾನ ಐದನೆಯ ಸೀಸನ್ನಿಗೇ ಸಲ್ಲಬೇಕು. ಅಲ್ಲಿ ಸಾವಿಗೆ ಯಾವ ರಾಕ್ಷಸನೂ ಹೊಣೆಯಲ್ಲದ ಒಂದು ಕಂತು ಇದೆಯೆಂಬುದೇ ಕಾರಣ! ಹದಿನಾರನೆಯ ಕಂತು, 'ದ ಬಾಡಿ', 2001ರ ಫೆಬ್ರುವರಿ 27ರಂದು ಪ್ರಸಾರವಾಯಿತು. ಬಫಿ ಮನೆಗೆ ಬರುತ್ತಾಳೆ. ಸೋಫಾದ ಮೇಲೆ ತಾಯಿ ಜಾಯ್ಸ್ ಅಲುಗಾಡದೆ ಮಲಗಿದ್ದಾಳೆ. ಮಿದುಳಿನ ರಕ್ತನಾಳ ಒಡೆದಿದೆ. ಯಾವ ದೆವ್ವದ ಕೈವಾಡವೂ ಇಲ್ಲ, ಹಾಗಾಗಿ ಹೊಡೆದು ಸೇಡು ತೀರಿಸಿಕೊಳ್ಳಲು ಯಾರೂ ಇಲ್ಲ. ಇಡೀ ಕಂತಿನಲ್ಲಿ ಹಿನ್ನೆಲೆ ಸಂಗೀತವನ್ನೇ ಇಟ್ಟಿಲ್ಲ. ತಂಗಿ ಡಾನ್‌ಗೆ ಸುದ್ದಿ ತಿಳಿಸುವ ದೃಶ್ಯವನ್ನು ನೋಡುಗರು ನೋಡುವುದು ಅವಳ ಚಿತ್ರಕಲಾ ತರಗತಿಯ ಗಾಜಿನಾಚೆಯಿಂದ. ಮಾತು ಕೇಳಿಸುವುದಿಲ್ಲ, ಹುಡುಗಿ ಕುಸಿಯುವುದಷ್ಟೇ ಕಾಣಿಸುತ್ತದೆ. ಗೆಳತಿ ವಿಲೋಗೆ ಸಾವಿನ ಮನೆಗೆ ಯಾವ ಅಂಗಿ ತೊಟ್ಟು ಹೋಗಬೇಕೆಂದೇ ತೋಚುವುದಿಲ್ಲ. ಒಂದೊಂದಾಗಿ ತೆಗೆಯುತ್ತಾಳೆ, ಎಸೆಯುತ್ತಾಳೆ, ಅಳುತ್ತಾಳೆ. ಸಾವಿನ ಮನೆಯ ಮೊದಲ ಗಂಟೆಗಳನ್ನು ಕಂಡವರಿಗೆ ಇದರಲ್ಲಿ ಒಂದು ಕಣವೂ ಸುಳ್ಳೆನಿಸದು.

ಆ ಡಾನ್ ಕಥೆಯೂ ವಿಚಿತ್ರ. ನಾಲ್ಕು ಸೀಸನ್ ಕಾಲ ಬಫಿ ಒಬ್ಬಳೇ ಮಗಳು. ಐದನೆಯದರಲ್ಲಿ ಇದ್ದಕ್ಕಿದ್ದಂತೆ ಹದಿನಾಲ್ಕರ ತಂಗಿಯೊಬ್ಬಳು ಮನೆಯಲ್ಲಿ ಓಡಾಡುತ್ತಿದ್ದಾಳೆ, ಯಾರಿಗೂ ಆಶ್ಚರ್ಯವಿಲ್ಲ! ಒಂದು ಮಾಂತ್ರಿಕ ಶಕ್ತಿಯನ್ನು ಬಚ್ಚಿಡಲೆಂದು ಸನ್ಯಾಸಿಗಳು ಅದಕ್ಕೆ ಹುಡುಗಿಯ ರೂಪ ಕೊಟ್ಟು, ಎಲ್ಲರ ನೆನಪನ್ನೂ ತಿದ್ದಿದ್ದಾರೆ. ತಾನು ಈ ಮನೆಯವಳೇ ಅಲ್ಲವೇನೋ ಎಂಬ ಅನುಮಾನ ಆ ವಯಸ್ಸಿನ ಎಷ್ಟು ಮಕ್ಕಳಿಗೆ ಬಂದಿಲ್ಲ? ಡಾನ್ ವಿಷಯದಲ್ಲಿ ಅದು ನಿಜವಾಗಿಬಿಡುತ್ತದೆ. ನಿಜವೆಂದು ತಿಳಿದ ಮೇಲೂ ಅಕ್ಕ ಅವಳನ್ನು ತಂಗಿಯೆಂದೇ ಉಳಿಸಿಕೊಳ್ಳುತ್ತಾಳೆ, ನೂರನೆಯ ಕಂತಿನಲ್ಲಿ ಅವಳಿಗಾಗಿ ಪ್ರಾಣವನ್ನೇ ಕೊಡುತ್ತಾಳೆ. ಈ ಪಾತ್ರ ಮಾಡಿದ ಮಿಶೆಲ್ ಟ್ರಾಕ್ಟೆನ್‌ಬರ್ಗ್ 2025ರ ಫೆಬ್ರುವರಿಯಲ್ಲಿ 39ನೇ ವಯಸ್ಸಿಗೇ ತೀರಿಕೊಂಡರು.

ವಿದ್ಯಾರ್ಥಿಗಳನ್ನು ಕೇಳಿದರೆ ಈ ತೀರ್ಪನ್ನು ಒಪ್ಪದಿರಬಹುದು. ಅವರ ಓಟು ಮೂರನೆಯ ಸೀಸನ್ನಿಗೆ ಬಿದ್ದರೆ ತಪ್ಪೇನೂ ಇಲ್ಲ. ಅದು ಹೈಸ್ಕೂಲಿನ ಕೊನೆಯ ವರ್ಷ. ಖಳನಾಯಕ ಊರಿನ ಮೇಯರ್. ಸಭ್ಯ, ನಗುಮುಖ, ಕೆಟ್ಟ ಮಾತು ಕಂಡರಾಗದು, ಕೊಳೆ ಕಂಡರಾಗದು. ಮನೆ-ಮಠವಿಲ್ಲದ ಫೇತ್ ಎಂಬ ಇನ್ನೊಬ್ಬ ಸ್ಲೇಯರ್ ಹುಡುಗಿಗೆ ತಂದೆಯ ಪ್ರೀತಿ ಕೊಡುವವನೂ ಅವನೇ. ಅವಳು ದಾರಿ ತಪ್ಪಿದ್ದು ಹೇಗೆಂದು ಬೇರೆ ಹೇಳಬೇಕಾಗಿಲ್ಲ. ಕೊನೆಗೆ ಪದವಿ ಪ್ರದಾನ ಸಮಾರಂಭದಲ್ಲಿ ಭಾಷಣ ಮಾಡುತ್ತಲೇ ಈತ ದೈತ್ಯ ಸರ್ಪವಾಗುತ್ತಾನೆ. ಅಂಥ ಸಮಾರಂಭಗಳಲ್ಲಿ ಗಂಟೆಗಟ್ಟಲೆ ಕುಳಿತವರಿಗೆ ಇದೇನೂ ಅತಿಶಯೋಕ್ತಿ ಅನಿಸದು!

ಇದೇ ಸೀಸನ್ನಿನ 'ಇಯರ್‌ಶಾಟ್' ಕಂತಿಗೆ ಒಂದು ದುಃಖದ ಹಿನ್ನೆಲೆಯಿದೆ. ಎಲ್ಲರ ಮನಸ್ಸಿನ ಮಾತೂ ಬಫಿಗೆ ಕೇಳಿಸತೊಡಗುತ್ತದೆ. ಅದರಲ್ಲಿ, ನಾಳೆ ಎಲ್ಲರನ್ನೂ ಕೊಲ್ಲುತ್ತೇನೆ ಎಂಬ ದನಿಯೊಂದು. ಗಡಿಯಾರದ ಗೋಪುರದಲ್ಲಿ ಬಂದೂಕು ಹಿಡಿದ ಜೊನಾಥನ್ ಸಿಕ್ಕುತ್ತಾನೆ. ಎಲ್ಲರೂ ಗೇಲಿ ಮಾಡುವ ಕುಳ್ಳ ಹುಡುಗ. ಆದರೆ ಅವನು ಬಂದದ್ದು ತನ್ನನ್ನೇ ಕೊಂದುಕೊಳ್ಳಲು. ಯಾರೂ ನಿನ್ನ ನೋವನ್ನು ನೋಡುತ್ತಿಲ್ಲ, ಏಕೆಂದರೆ ಪ್ರತಿಯೊಬ್ಬರೂ ತಂತಮ್ಮ ನೋವಿನಲ್ಲೇ ಮುಳುಗಿದ್ದಾರೆ ಎಂದು ಬಫಿ ಅವನಿಗೆ ತಿಳಿಹೇಳುತ್ತಾಳೆ. ಬಹುಮಾನ ಪಡೆಯುವ ಜಾಣೆಯ ತಲೆಯೊಳಗೂ, ಅಂದಗಾರನ ತಲೆಯೊಳಗೂ ಇದ್ದದ್ದನ್ನು ಅವಳು ಕೇಳಿಸಿಕೊಂಡಿದ್ದಾಳಲ್ಲ! ಈ ಕಂತು 1999ರ ಏಪ್ರಿಲ್ 27ಕ್ಕೆ ಬರಬೇಕಿತ್ತು. ಅದಕ್ಕೆ ಸರಿಯಾಗಿ ಒಂದು ವಾರ ಮೊದಲು ಕೊಲರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ವಾಹಿನಿ ಕಂತನ್ನು ತಡೆಹಿಡಿಯಿತು. ಅದು ಹೊರಬಂದದ್ದು ಸೆಪ್ಟೆಂಬರ್‌ನಲ್ಲಿ, ಅಷ್ಟರಲ್ಲಿ ಆ ಶಾಲಾ ವರ್ಷವೇ ಮುಗಿದಿತ್ತು.

ಪೋಷಕರು ತಪ್ಪದೆ ನೋಡಬೇಕಾದ 'ಜಿಂಜರ್‌ಬ್ರೆಡ್' ಸಹ ಇದೇ ಸೀಸನ್ನಿನದು. ಮಕ್ಕಳನ್ನು ಕಾಪಾಡುತ್ತೇವೆಂದು ತಾಯಂದಿರು ಸಂಘ ಕಟ್ಟುತ್ತಾರೆ, ಶಾಲೆಯ ಪೆಟ್ಟಿಗೆಗಳನ್ನು ಶೋಧಿಸುತ್ತಾರೆ, ಗ್ರಂಥಾಲಯದ ಪುಸ್ತಕ ಹೊತ್ತೊಯ್ಯುತ್ತಾರೆ. ಕೊನೆಗೆ ಅವೇ ಪುಸ್ತಕಗಳ ರಾಶಿಯ ನಡುವೆ ಸ್ವಂತ ಹೆಣ್ಣುಮಕ್ಕಳನ್ನೇ ಕಂಬಕ್ಕೆ ಕಟ್ಟಿ ಸುಡಲು ನಿಲ್ಲುತ್ತಾರೆ.

ಮೂರನೆಯ ಸ್ಥಾನ ಎರಡನೆಯ ಸೀಸನ್ನಿಗೆ. ಏಂಜಲ್ ಎಂಬ ವ್ಯಾಂಪೈರ್‌ಗೆ ಶಾಪದಿಂದ ಆತ್ಮ ಮರಳಿದೆ, ಬಫಿಗೂ ಅವನಿಗೂ ಪ್ರೀತಿ. ನಿಜವಾದ ಸುಖದ ಒಂದು ಕ್ಷಣ ಕಂಡರೂ ಆ ಆತ್ಮ ಹೊರಟುಹೋಗುತ್ತದೆಂಬುದು ಶಾಪದ ಕೊಂಡಿ. ಅವಳ ಹದಿನೇಳನೆಯ ಹುಟ್ಟುಹಬ್ಬದ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅವನು ಬೇರೆಯೇ ಮನುಷ್ಯ, ಅವಳನ್ನು ಹಂಗಿಸುವ ಕ್ರೂರಿ. ಹೆಣ್ಣುಮಕ್ಕಳ ತಾಯಂದಿರು ಹೇಳಲಾಗದೆ ಒದ್ದಾಡುವ ಎಚ್ಚರಿಕೆಯನ್ನು ಈ ಕಥೆ ಹೇಳಿಬಿಡುತ್ತದೆ. ಕೊನೆಯ ಕಂತಿನಲ್ಲಿ ಜಾಯ್ಸ್‌ಗೆ ಮಗಳ ಗುಟ್ಟು ತಿಳಿಯುತ್ತದೆ. ಹೊಸ್ತಿಲು ದಾಟಿದರೆ ಮತ್ತೆ ಬರುವುದೇ ಬೇಡ ಎನ್ನುತ್ತಾಳೆ ತಾಯಿ, ಸಿಟ್ಟಿನ ಭರದಲ್ಲಿ. ಮಗಳು ಲೋಕವನ್ನು ಕಾಪಾಡಿ, ಪ್ರಿಯಕರನನ್ನು ತನ್ನ ಕೈಯಾರೆ ನರಕಕ್ಕೆ ದೂಡಿ, ಬಸ್ಸು ಹತ್ತಿ ಊರು ಬಿಡುತ್ತಾಳೆ. ಜಾಯ್ಸ್ ಖಾಲಿ ಕೋಣೆಗೆ ಬಂದು ಚೀಟಿ ಓದುತ್ತಾಳೆ. ಇಷ್ಟಿದ್ದೂ ಮೂರನೆಯ ಸ್ಥಾನವೇಕೆಂದರೆ, ವರ್ಷದ ಮೊದಲರ್ಧದಲ್ಲಿ ಬರೀ ಕಾಲಹರಣದ ಕಂತುಗಳು ಕೆಲವಿವೆ.

ನಿಜವಾದ ಜಗಳ ಆರನೆಯ ಸೀಸನ್ನಿನದು. ಸತ್ತ ಬಫಿಯನ್ನು ಗೆಳೆಯರು ಮಂತ್ರದಿಂದ ಎಬ್ಬಿಸಿ ತರುತ್ತಾರೆ, ನರಕದಿಂದ ಪಾರುಮಾಡಿದೆವೆಂದು ಹಿಗ್ಗುತ್ತಾರೆ. ಅವಳಿದ್ದದ್ದು ಸ್ವರ್ಗದಲ್ಲಿ! ಇದನ್ನು ಆ ಗೆಳೆಯರಿಗೆ ಹೇಳಲಾರಳು. ಎಲ್ಲರೂ ಮನಸ್ಸಿನ ಮಾತನ್ನು ಹಾಡಿಯೇ ತೀರಬೇಕಾಗುವ ಸಂಗೀತಮಯ ಕಂತೊಂದರಲ್ಲಿ ಅದು ಹೊರಬೀಳುತ್ತದೆ. ಅತ್ತ ಮನೆಯಲ್ಲಿ ಕೊಳಾಯಿ ಒಡೆದಿದೆ, ಬ್ಯಾಂಕು ಸಾಲ ಕೊಡುವುದಿಲ್ಲ, ಲೋಕ ಉಳಿಸಿದವಳು ಹೋಟೆಲಿನಲ್ಲಿ ಬರ್ಗರ್ ಮಾರುತ್ತಾಳೆ. ತಾಯಿಯಿಲ್ಲದ ಮನೆಯ ಹಿರಿಮಗಳ ದಣಿವು ಇದು. ಅಳತೆಗೋಲಿಗೆ ಸರಿಯಾಗಿ ಹೊಂದುತ್ತದೆ. ಹಾಳಾದದ್ದು ವಿಲೋಳ ಮಂತ್ರವಿದ್ಯೆಯನ್ನು ಮಾದಕ ವ್ಯಸನದ ಪಾಠವಾಗಿ ಬಿಡಿಸಿ ಬಿಡಿಸಿ ಹೇಳಿದ ಕಡೆ. ರಾಕ್ಷಸನ ಅರ್ಥವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ರಾಕ್ಷಸ ಎಲ್ಲಿ ಉಳಿಯುತ್ತಾನೆ? ಕೊನೆಯಲ್ಲಿ ಮಾತ್ರ ಕಥೆ ಎದ್ದು ನಿಲ್ಲುತ್ತದೆ. ಪ್ರೀತಿಸಿದವಳನ್ನು ಕಳೆದುಕೊಂಡು ಲೋಕವನ್ನೇ ಸುಡಹೊರಟ ವಿಲೋಳನ್ನು ತಡೆಯುವುದು ಯಾವ ಶಕ್ತಿಯೂ ಇಲ್ಲದ ಬಡಗಿ ಕ್ಸಾಂಡರ್. ಶಿಶುವಿಹಾರದ ಮೊದಲ ದಿನ ಹಳದಿ ಬಳಪ ಮುರಿದದ್ದನ್ನು ಹೇಳಲು ಹೆದರಿ ಅತ್ತ ಪುಟ್ಟ ವಿಲೋಳನ್ನು ಅವನು ನೆನಪಿಸುತ್ತಾನೆ. ನಾಲ್ಕನೆಯ ಸ್ಥಾನ. ಆದರೆ ಈ ಸೀಸನ್ನಿನಲ್ಲಿ ಲೈಂಗಿಕ ಹಿಂಸೆಯ ದೃಶ್ಯವೂ ಇರುವುದರಿಂದ ಕಿರಿಯರಿಗೆ ತೋರಿಸುವ ಮುನ್ನ ಹಿರಿಯರು ತಾವು ನೋಡುವುದೊಳ್ಳೆಯದು.

ಐದನೆಯ ಸ್ಥಾನಕ್ಕೆ ಮೊದಲ ಸೀಸನ್ನನ್ನು ಏರಿಸಿದರೆ ಹುಬ್ಬೇರಿಸುವವರಿದ್ದಾರೆ. ಹನ್ನೆರಡೇ ಕಂತು, ಕಡಿಮೆ ಖರ್ಚು, ರಬ್ಬರಿನ ರಾಕ್ಷಸರು. ಆದರೆ ಮೂರನೆಯ ಕಂತಿನಲ್ಲೇ ತಾಯಿಯೊಬ್ಬಳು ಮಂತ್ರಶಕ್ತಿಯಿಂದ ಮಗಳ ದೇಹವನ್ನೇ ಕಸಿದುಕೊಳ್ಳುತ್ತಾಳೆ, ತಾನು ಶಾಲೆಯಲ್ಲಿ ಮೆರೆದ ದಿನಗಳನ್ನು ಮತ್ತೊಮ್ಮೆ ಬಾಳಲು! ಹನ್ನೊಂದನೆಯದರಲ್ಲಿ, ತರಗತಿಯಲ್ಲಿ ಎಷ್ಟು ಸಲ ಕೈಯೆತ್ತಿದರೂ ಯಾರ ಕಣ್ಣಿಗೂ ಬೀಳದ ಹುಡುಗಿಯೊಬ್ಬಳು ನಿಜಕ್ಕೂ ಅದೃಶ್ಯಳಾಗಿಬಿಡುತ್ತಾಳೆ. ಸೂತ್ರ ಇಷ್ಟು ಹರಿತವಾಗಿರುವಾಗ ರಬ್ಬರನ್ನು ಕ್ಷಮಿಸಬಹುದು.

ಏಳನೆಯದು ಆರನೆಯ ಸ್ಥಾನದಲ್ಲಿ. ಶಾಲೆ ಮತ್ತೆ ಎದ್ದಿದೆ, ಬಫಿ ಅಲ್ಲಿ ಮಕ್ಕಳಿಗೆ ಸಲಹೆ ಹೇಳುವ ಕೆಲಸಕ್ಕೆ ಸೇರಿದ್ದಾಳೆ. ಒಳ್ಳೆಯ ಆರಂಭ. ಆಮೇಲೆ ಮನೆ ತುಂಬ ಹುಡುಗಿಯರು, ಉದ್ದುದ್ದ ಭಾಷಣಗಳು. ಒಬ್ಬಳಿಗೇ ಮೀಸಲಿದ್ದ ಶಕ್ತಿಯನ್ನು ಲೋಕದ ಎಲ್ಲ ಅರ್ಹ ಹುಡುಗಿಯರಿಗೂ ಹಂಚಿಬಿಡುವ ಕೊನೆಯ ಕಂತು ಇಲ್ಲದಿದ್ದರೆ ಇನ್ನೂ ಕೆಳಗಿಳಿಯುತ್ತಿತ್ತು.

ಉಳಿದದ್ದು ನಾಲ್ಕನೆಯದು, ಕಾಲೇಜಿನ ಮೊದಲ ವರ್ಷ. ದೊಡ್ಡ ಕ್ಯಾಂಪಸ್ಸಿನಲ್ಲಿ ದಾರಿ ತಪ್ಪುವುದು, ಹಾಸ್ಟೆಲ್ಲಿನ ಕೋಣೆಯ ಗೆಳತಿಯೇ ದೆವ್ವವಾಗಿರುವುದು, ಇವೆಲ್ಲ ಚೆನ್ನ. ಆದರೆ ವರ್ಷದ ಮುಖ್ಯ ರಾಕ್ಷಸ ಆ್ಯಡಮ್, ಸೈನ್ಯದ ಪ್ರಯೋಗಾಲಯದಲ್ಲಿ ಬಿಡಿಭಾಗ ಜೋಡಿಸಿ ಮಾಡಿದವನು. ಹದಿನೆಂಟರ ಯಾವ ಹುಡುಗಿಯ ಭಯವೂ ಅವನಲ್ಲಿಲ್ಲ. ಅದಕ್ಕೇ ಕೊನೆಯ ಸ್ಥಾನ.

ತಮಾಷೆಯೆಂದರೆ, 144 ಕಂತುಗಳಲ್ಲಿ 'ದ ಬಾಡಿ'ಗೆ ಸರಿಸಾಟಿಯಾಗಿ ನಿಲ್ಲುವ ಕಂತು ಇರುವುದು ಈ ಕೊನೆಯ ಬೆಂಚಿನ ಸೀಸನ್ನಿನಲ್ಲೇ. 1999ರ ಡಿಸೆಂಬರ್‌ನಲ್ಲಿ ಬಂದ 'ಹಷ್'. ಸಂಭಾಷಣೆಯೇ ಈ ಧಾರಾವಾಹಿಯ ಶಕ್ತಿ ಎಂದು ಎಲ್ಲರೂ ಹೊಗಳುತ್ತಿದ್ದಾಗ ವೇಡನ್ ಬೇಕೆಂದೇ ಮಾತನ್ನು ಕಿತ್ತುಹಾಕಿದರು. ಕರಿಯ ಸೂಟು ತೊಟ್ಟ, ಹಲ್ಲು ಕಿರಿಯುವ ಯಕ್ಷರು ಊರಿನವರ ದನಿಯನ್ನೆಲ್ಲ ಕದ್ದು ಪೆಟ್ಟಿಗೆಯಲ್ಲಿಡುತ್ತಾರೆ. ಕಂತಿನ ಅರ್ಧಕ್ಕೂ ಹೆಚ್ಚು ಭಾಗ ಮಾತಿಲ್ಲ. ಕತ್ತಿಗೆ ಬಿಳಿ ಹಲಗೆ ನೇತುಹಾಕಿಕೊಂಡು ಗೆಳೆಯರು ಓಡಾಡುತ್ತಾರೆ, ಗ್ರಂಥಪಾಲಕ ಜೈಲ್ಸ್ ಪಾರದರ್ಶಕ ಹಾಳೆಗಳಲ್ಲಿ ಚಿತ್ರ ಬರೆದು ಮೂಕ ಪಾಠ ಮಾಡುತ್ತಾನೆ. ಸಂಭಾಷಣೆಯಿಲ್ಲದ ಈ ಕಂತಿಗೇ ಎಮ್ಮಿ ಪ್ರಶಸ್ತಿಯ ಬರವಣಿಗೆ ವಿಭಾಗದಲ್ಲಿ ನಾಮನಿರ್ದೇಶನ ಸಿಕ್ಕಿತು! ಕೊನೆಗೆ ಬಫಿ ಪೆಟ್ಟಿಗೆ ಒಡೆಸುತ್ತಾಳೆ, ಊರಿಗೆ ದನಿ ಮರಳುತ್ತದೆ. ಮರುದಿನ ಅವಳೂ, ಅವಳಂತೆಯೇ ತನ್ನ ಗುಟ್ಟನ್ನು ಮುಚ್ಚಿಟ್ಟಿದ್ದ ಗೆಳೆಯ ರೈಲಿಯೂ ಹಾಸ್ಟೆಲ್ ಕೋಣೆಯಲ್ಲಿ ಎದುರುಬದುರು ಕೂರುತ್ತಾರೆ. ಮಾತಾಡಬೇಕು ಎನ್ನುತ್ತಾರೆ ಇಬ್ಬರೂ. ಆಮೇಲೆ ಯಾರ ಬಾಯಿಂದಲೂ ಒಂದು ಮಾತು ಹೊರಡುವುದಿಲ್ಲ.